ಹಳೆಯ ಘೋಸ್ಟ್ ಮೇಲೋ, ಹೊಸ ಘೋಸ್ಟ್ ಮೇಲೋ?

ಒಂದೇ ಕಂಪನಿ, ಹೆಸರೂ ಹೆಚ್ಚುಕಡಿಮೆ ಒಂದೇ. 1907ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಒಂದು ಕಡೆ, 2020ರಲ್ಲಿ ಬಂದ ಹೊಸ ಘೋಸ್ಟ್ ಇನ್ನೊಂದು ಕಡೆ. ಹಳೆಯದೇ ಮೇಲು ಅನ್ನಬಹುದಾ?

ಪರ

ಖಂಡಿತ ಅನ್ನಬಹುದು. ಘೋಸ್ಟ್ ಅಂದರೆ ದೆವ್ವ. ಸದ್ದಿಲ್ಲದೆ ಬಂದು ಹೋಗುತ್ತದೆ ಅಂತ ಆ ಹೆಸರು. ಮೊದಲಿಗೆ ಅದು ಒಂದೇ ಒಂದು ಕಾರಿನ ಹೆಸರಾಗಿತ್ತು. ನಂಬರು ಎಎಕ್ಸ್ 201, ಬಣ್ಣ ಬೆಳ್ಳಿ. ಮಾಡೆಲ್‌ಗೆ ಕಂಪನಿ ಇಟ್ಟಿದ್ದು 40/50 ಎಚ್‌ಪಿ ಅಂತ. ಜನ ಎಲ್ಲವನ್ನೂ ಸಿಲ್ವರ್ ಘೋಸ್ಟ್ ಅಂತಲೇ ಕರೆದರು.

1907ರಲ್ಲಿ ಅದನ್ನು ದೊಡ್ಡ ಪರೀಕ್ಷೆಗೆ ಇಳಿಸಿದರು. 629 ಮೈಲಿ ಓಡಿ ನಿಂತುಬಿಟ್ಟಿತು. ನೋಡಿದರೆ, ಕುಲುಕಾಟಕ್ಕೆ ಪೆಟ್ರೋಲ್ ಬಿಡುವ ನಲ್ಲಿ (ಟ್ಯಾಪ್) ತಾನಾಗಿಯೇ ಮುಚ್ಚಿಕೊಂಡಿತ್ತು, ಅಷ್ಟೆ. ತಿರುಗಿಸಿದರು, ಹೊರಟಿತು. ಆಮೇಲೆ 14,371 ಮೈಲಿ, ಅಂದರೆ 23,000 ಕಿಲೋಮೀಟರಿಗೂ ಜಾಸ್ತಿ, ಕೆಟ್ಟು ನಿಲ್ಲಲೇ ಇಲ್ಲ. ಲಂಡನ್‌ನಿಂದ ಗ್ಲಾಸ್ಗೋಗೆ, ಗ್ಲಾಸ್ಗೋದಿಂದ ಲಂಡನ್‌ಗೆ, ಹಗಲೂ ರಾತ್ರಿ. ಕೊನೆಗೆ ಪೂರ್ತಿ ಬಿಚ್ಚಿ ನೋಡಿದಾಗ, ಸವೆದ ಭಾಗಗಳಿಗೆ ತಗುಲಿದ ಖರ್ಚು ಎರಡು ಪೌಂಡ್ ಚಿಲ್ಲರೆ!

ಈ ನಯ ಎಲ್ಲಿಂದ ಬಂತು? ಎಂಜಿನ್‌ನ ಒಳಗಿನಿಂದಲೇ. ಆರು ಸಿಲಿಂಡರಿನ ಎಂಜಿನ್ ಅಂದರೆ ಉದ್ದನೆಯ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿ ಬದಲಿಸುವ ದಂಡ. ಉದ್ದ ಇದ್ದಷ್ಟೂ ನಡುಕ ಜಾಸ್ತಿ. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಎಂಜಿನಿಯರ್ ಹೆನ್ರಿ ರಾಯ್ಸ್ ಅದನ್ನು ದಪ್ಪ ಮಾಡಿದರು, ಏಳು ಬೇರಿಂಗ್‌ಗಳ ಮೇಲೆ ಕೂರಿಸಿದರು, ಒತ್ತಡ ಕೊಟ್ಟು ಆಯಿಲ್ ಹರಿಸಿದರು. ಸದ್ದು ಹುಟ್ಟುವ ಜಾಗದಲ್ಲೇ ಅದನ್ನು ತಡೆದರು. ಇಂದಿನ ಘೋಸ್ಟ್‌ನಲ್ಲಿ ಸದ್ದು ಅಡಗಿಸಲು ತುಂಬಿರುವ ಸಾಮಗ್ರಿಯೇ 100 ಕೆ.ಜಿ.ಗೂ ಹೆಚ್ಚು. ಹುಟ್ಟಿದ ಸದ್ದಿನ ಬಾಯಿ ಮುಚ್ಚುವುದು ಬೇರೆ, ಹುಟ್ಟದ ಹಾಗೆ ನೋಡಿಕೊಳ್ಳುವುದು ಬೇರೆ, ಅಲ್ವಾ?

ಇನ್ನೊಂದು ಮಾತು. ಆ ಎಂಜಿನ್‌ನ ಭಾಗಗಳನ್ನು ಕೈಚಳಕ ಇರುವ ಮೆಕ್ಯಾನಿಕ್ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ಇಂದಿಗೂ ಮಾಡಿಕೊಡಬಲ್ಲ. ಅದಕ್ಕೇ ನೂರು ವರ್ಷ ದಾಟಿದ ಸಿಲ್ವರ್ ಘೋಸ್ಟ್‌ಗಳು ಈಗಲೂ ರಸ್ತೆಯ ಮೇಲಿವೆ. ಹೊಸದರ ಎಲೆಕ್ಟ್ರಾನಿಕ್ ಚಿಪ್, ಸೆನ್ಸರ್‌ಗಳನ್ನು ನೂರು ವರ್ಷದ ಮೇಲೆ ಯಾರು ಮಾಡಿಕೊಡುತ್ತಾರೆ?

ವಿರೋಧ

ಆ ಮೌನದ ಸುಖ ಸಿಕ್ಕಿದ್ದು ಹಿಂದಿನ ಸೀಟಿನವರಿಗೆ. ಮುಂದೆ ಕೂತವನನ್ನೂ ಸ್ವಲ್ಪ ನೋಡೋಣ. ಆ ಕಾಲದ ಎಷ್ಟೋ ಬಾಡಿಗಳಲ್ಲಿ ಮಾಲೀಕರಿಗೆ ಮಾತ್ರ ಗಾಜು, ಚಾವಣಿ. ಶೋಫರ್‌ಗೆ, ಅಂದರೆ ಸಂಬಳದ ಡ್ರೈವರ್‌ಗೆ, ಇಂಗ್ಲೆಂಡಿನ ಮಳೆ, ಚಳಿಗಾಳಿ. ಸ್ಟೀರಿಂಗ್ ನಡುವಿನ ಪುಟ್ಟ ಲಿವರ್‌ಗಳಿಂದ, ಪೆಟ್ರೋಲ್ ಹೊತ್ತಿಸುವ ಕಿಡಿ ಬೇಗ ಹಾರಬೇಕೋ ತಡವಾಗಿಯೋ ಅಂತ ಅವನೇ ಹೊಂದಿಸಬೇಕು. ಗೇರು ಇಳಿಸಲು ಎರಡೆರಡು ಸಲ ಕ್ಲಚ್ ತುಳಿಯಬೇಕು. ಓಡಿಸುವುದನ್ನು ಕಲಿಸಲು ಕಂಪನಿಯೇ ಶೋಫರ್‌ಗಳಿಗೆ ಶಾಲೆ ನಡೆಸಿತು.

ಬ್ರೇಕಿನ ಮಾತು ಬಂದರೆ ನನಗೆ ಎದೆ ಝಲ್ಲೆನ್ನುತ್ತದೆ. 1920ರ ದಶಕದವರೆಗೂ ಮುಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ. ಏಳು ಲೀಟರಿನ ಎಂಜಿನ್, ಅಷ್ಟು ಭಾರದ ಗಾಡಿ, ಎದುರಿಗೆ ಒಂದು ಮಗು ಓಡಿ ಬಂದರೆ?

100 ಕೆ.ಜಿ. ಸಾಮಗ್ರಿ ತುಂಬಿದ್ದು ತಪ್ಪೇನಲ್ಲ. ಇಂದಿನ ವೇಗದಲ್ಲಿ ಟೈರಿನ ಸದ್ದು, ಗಾಳಿಯ ಸದ್ದು ಕ್ರ್ಯಾಂಕ್‌ಶಾಫ್ಟ್ ದಪ್ಪ ಮಾಡಿದರೆ ನಿಲ್ಲುತ್ತದೆಯೇ? ಹೊಸ ಘೋಸ್ಟ್ ತಯಾರಿಸುವಾಗ ಒಳಗೆ ಎಷ್ಟು ನಿಶ್ಶಬ್ದವಾಯಿತು ಅಂದರೆ, ಕೂತವರಿಗೆ ದಿಕ್ಕು ತಪ್ಪಿದ ಹಾಗಾಯಿತು. ಎಂಜಿನಿಯರ್‌ಗಳು ಮತ್ತೆ ಕೂತು, ಕಿವಿಗೆ ಹಿತವಾದ ಒಂದು ಸಣ್ಣ ಪಿಸುದನಿಯನ್ನು ಉಳಿಸಿದರು. ಇದಕ್ಕೂ ರಾಯ್ಸ್ ಅವರಷ್ಟೇ ಶ್ರದ್ಧೆ ಬೇಕು.

ಹೊಸ ಘೋಸ್ಟ್‌ನಲ್ಲಿ 563 ಬಿಎಚ್‌ಪಿಯ (ಅಶ್ವಶಕ್ತಿಯ) ವಿ12, ಅಂದರೆ ಹನ್ನೆರಡು ಸಿಲಿಂಡರಿನ, ಎಂಜಿನ್ ಇದ್ದರೂ ಮಾಲೀಕರೇ ಸಲೀಸಾಗಿ ಓಡಿಸಬಹುದು. ಮುಂದಿನ ತಿರುವನ್ನು ಉಪಗ್ರಹದ ನೆರವಿನಿಂದ ತಿಳಿದು ಕಾರೇ ಗೇರು ಆರಿಸಿಕೊಳ್ಳುತ್ತದೆ. ಡ್ರೈವರ್ ಇಟ್ಟುಕೊಂಡರೂ ಅವನು ಮಳೆಯಲ್ಲಿ ನೆನೆಯುವುದಿಲ್ಲ. ಹಿಂದಿನ ಸೀಟಿನಲ್ಲಿರುವ ಬೆಚ್ಚಗಿನ ಸುಖವೇ ಮುಂದೆಯೂ ಇರುತ್ತದೆ.