ಆ ನೀಲಿ ಗೆರೆ ತೆಗೆದದ್ದು ನಾನೇ, ಸಮಾಧಾನ ಆಯ್ತಾ?

ಹೌದು ಕಣ್ರೀ, ನಾನೇ. ಇಲ್ಲ ಅನ್ನೋಕೆ ಬಾಯಿಲ್ಲ. ಟ್ಯಾಬ್ ಒತ್ತಿದಾಗ ಈಗ ಯಾವ ಬಟನ್ ಮೇಲಿದ್ದೀವಿ ಅಂತ ಸುತ್ತ ತೋರಿಸುತ್ತಲ್ಲ, ಆ ಗೆರೆ. ನಮ್ಮ ಸೈಟಿನಿಂದ ತೆಗೆದದ್ದು ನಾನೇ. ನನ್ನ ಹೆಸರೇ ಸ್ಕ್ರೀನ್ ಮೇಲೆ ಬಂತಲ್ಲ, ಹದಿನಾಲ್ಕು ಜನ ನೋಡಿದರಲ್ಲ, ಇನ್ನೇನು ಉಳಿದಿದೆ.

ಡೆಮೊ ಮುಗಿದು ಎರಡು ಗಂಟೆ ಆಯ್ತು. ಊಟದ ಡಬ್ಬಿ ತೆಗೆದೆ, ಹಾಗೇ ಮುಚ್ಚಿದೆ. ಕಿವಿಯಲ್ಲಿ ಇನ್ನೂ ಆ ಮೇಡಂ ಮಾತೇ ಗುಯ್‌ಗುಡುತ್ತಿದೆ. "ನಾನೀಗ ಎಲ್ಲಿದ್ದೀನಪ್ಪಾ? ಏನೂ ಗೊತ್ತಾಗ್ತಾ ಇಲ್ಲವಲ್ಲ."

ಅವರು ಕ್ಲೈಂಟ್ ಕಡೆಯವರು. ಸಾಲದ ಅರ್ಜಿ ಫಾರ್ಮನ್ನು ನಾನೇ ತುಂಬಿ ನೋಡ್ತೀನಿ ಅಂತ ಸ್ಕ್ರೀನ್ ಶೇರ್ ಮಾಡಿದರು. ಅವರಿಗೆ ಕೈ ನಡುಗುತ್ತದೆ. ಮೌಸ್ ಹಿಡಿತಕ್ಕೆ ಸಿಗುವುದಿಲ್ಲ, ಎಲ್ಲಾ ಕೆಲಸ ಕೀಬೋರ್ಡಿನಲ್ಲೇ. ಹೆಸರು, ವಿಳಾಸ, ಜಮೀನಿನ ಸರ್ವೆ ನಂಬರ್ ತನಕ ತೊಂದರೆ ಆಗಲಿಲ್ಲ, ಬರೆಯುವ ಜಾಗದಲ್ಲಿ ಕರ್ಸರ್ ಮಿನುಗುತ್ತಲ್ಲ, ಅದನ್ನೇ ಹಿಡಿದು ಹೋದರು. ಆಮೇಲೆ ಬಂದವು ಬಟನ್‌ಗಳು. ಟ್ಯಾಬ್ ಒತ್ತಿದರು. ಪರದೆಯಲ್ಲಿ ಒಂದು ಚುಕ್ಕೆಯೂ ಬದಲಾಗಲಿಲ್ಲ. ಎಲ್ಲಿದ್ದೀನಿ ಅಂತ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಎದುರಿಗೆ ಮೊದಲು ಕಾಣುವುದು "ಮುಂದೆ" ಬಟನ್, ಅದರ ಮೇಲೇ ಇರಬೇಕು ಅಂದುಕೊಂಡು ಎಂಟರ್ ಒತ್ತಿದರು.

ಅದು "ರದ್ದು ಮಾಡಿ".

ಇಪ್ಪತ್ತು ನಿಮಿಷ ಕೂತು ಒಂದೊಂದೇ ಅಕ್ಷರ ಕುಟ್ಟಿದ್ದೆಲ್ಲ ಹೋಯ್ತು. ಫಾರ್ಮ್ ಬೆಳ್ಳಗೆ ನಿಂತಿತ್ತು, ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆಯ ಹಾಗೆ.

ಇಲ್ಲಿಗೇ ಮುಗಿದಿದ್ದರೆ ಸಾಕಿತ್ತು. ನಮ್ಮ ಲೀಡ್ ಬಿಡಬೇಕಲ್ಲ. "ಒಂದು ನಿಮಿಷ ಮೇಡಂ, ಇದು ಯಾರು ಮಾಡಿದ್ದು ಅಂತ ಈಗಲೇ ನೋಡಿಬಿಡೋಣ" ಅಂದವರೇ ತಮ್ಮ ಸ್ಕ್ರೀನ್ ಶೇರ್ ಮಾಡಿ ಎಡಿಟರ್ ತೆರೆದರು. ಕ್ಲೈಂಟ್ ಎದುರಿಗೆ. ನಿಧಾನಕ್ಕೆ ಸ್ಕ್ರೋಲ್ ಮಾಡುತ್ತಾ ಹೋದರು, ನನಗೆ ಆಗಲೇ ಅಂಗೈ ಬೆವರುತ್ತಿತ್ತು, ಯಾಕಂದರೆ ಆ ಸಾಲು ಎಲ್ಲಿದೆ ಅಂತ ಆ ಕರೆಯಲ್ಲಿ ಇದ್ದವರಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಇಡೀ ಸೈಟಿನ ನೋಟ ತೀರ್ಮಾನಿಸುವ ಗ್ಲೋಬಲ್ ಸಿಎಸ್‌ಎಸ್ ಫೈಲ್, 41ನೇ ಸಾಲು. ಒಂದು ಸ್ಟಾರ್, ಫೋಕಸ್, ಔಟ್‌ಲೈನ್ ನನ್, ಅಂದರೆ ಎಲ್ಲೂ ಗೆರೆ ಬೇಡ. ಕೊನೆಗೆ ಇಂಪಾರ್ಟೆಂಟ್ ಬೇರೆ, ಉಳಿದ ನಿಯಮಕ್ಕಿಂತ ಇದೇ ಮೇಲು ಅಂತ! ಕರ್ಸರ್ ಅಲ್ಲಿಟ್ಟರು. ಯಾವ ಸಾಲು ಯಾರು ಬರೆದದ್ದು ಅಂತ ಹೇಳುವ ಗಿಟ್ ಬ್ಲೇಮ್ ಪಕ್ಕದಲ್ಲೇ ತಿಳಿಬೂದು ಅಕ್ಷರದಲ್ಲಿ ಮೂಡಿತು. ಅಕ್ಷರ ಹಿನ್ನೆಲೆಯಿಂದ ಎದ್ದು ಕಾಣೋಕೆ ಬೇಕಾದ 4.5:1 ಕಾಂಟ್ರಾಸ್ಟ್ ಆ ಬೂದು ಬಣ್ಣಕ್ಕೆ ಖಂಡಿತ ಇರಲಿಲ್ಲ. ಆದರೂ ನನ್ನ ಹೆಸರು ಮಾತ್ರ ಎಲ್ಲರಿಗೂ ಚೆನ್ನಾಗಿ ಓದೋಕೆ ಬಂತು.

ಹೆಸರಿನ ಪಕ್ಕ ಕಮಿಟ್ ಮೆಸೇಜ್ ಇರುತ್ತಲ್ಲ, ಕೋಡ್ ಬದಲಿಸಿದವರು ಬರೆಯುವ ಟಿಪ್ಪಣಿ. ಅದನ್ನು ಅವರು ಗಟ್ಟಿಯಾಗಿ ಓದಿದರು. "ರಿಮೂವ್ಡ್ ಅಗ್ಲಿ ಬ್ಲೂ ಬಾಕ್ಸ್, ಹ್ಯಾಪಿ ನೌ?"

ಯಾರೋ ಒಬ್ಬರು ಕಿಸಕ್ ಅಂದರು. ಯಾರು ಅಂತ ಗೊತ್ತು, ಹೇಳಲ್ಲ. ಡಿಸೈನರ್ ಕ್ಯಾಮೆರಾ ಆಫ್. ನಾನು ಮಾತಾಡಿದೆ. ಕೆಲಸ ಹಚ್ಚುವ ಟಿಕೆಟ್‌ನಲ್ಲಿ ಗೆರೆ ತೆಗೀರಿ ಅಂತ ಹೇಳಿದ್ರು, ನಾನು ಬೇಡ ಅಂದಿದ್ದೆ, ಎರಡು ಸಲ ರೀಓಪನ್ ಮಾಡಿದ್ರು, ದಾಖಲೆ ಇದೆ ತೋರಿಸ್ತೀನಿ ಅಂತ ಉಸಿರು ಬಿಡದೆ ಹೇಳಿದೆ, ಅಷ್ಟೂ ಮ್ಯೂಟ್‌ನಲ್ಲಿ. ಅನ್‌ಮ್ಯೂಟ್ ಮಾಡುವಷ್ಟರಲ್ಲಿ ಮೇಡಂ ಅಂದರು, "ಹೋಗಲಿ ಬಿಡ್ರಪ್ಪ, ಹುಡುಗರು, ಪಾಪ ಗೊತ್ತಿರಲ್ಲ."

ಬೈದಿದ್ದರೆ ಸಹಿಸಿಕೊಳ್ತಿದ್ದೆ. ಗೊತ್ತಿರಲ್ಲ ಅಂದುಬಿಟ್ಟರು.

ನನಗೆ ಗೊತ್ತಿತ್ತು! ಆ ಗೆರೆ ಹಾಕಿದ್ದೂ ನಾನೇ. 3 ಪಿಕ್ಸೆಲ್ ದಪ್ಪ, ಬಟನ್ ಅಂಚಿನಿಂದ 2 ಪಿಕ್ಸೆಲ್ ದೂರ, ಬಿಳಿ ಹಿನ್ನೆಲೆಗೆ ಎದ್ದು ಕಾಣುವ ನೀಲಿ. ಕೀಬೋರ್ಡ್ ಬಳಸುವವರಿಗೆ ತಾವು ಎಲ್ಲಿದ್ದೀವಿ ಅಂತ ಕಾಣಬೇಕು ಅನ್ನುವ ನಿಯಮ, ವೆಬ್ ಎಲ್ಲರಿಗೂ ಎಟುಕುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿಯಲ್ಲಿ 2.4.7, ಎಎ ಮಟ್ಟದ್ದು, 2008ರಿಂದ ಇದೆ. ನಾನಾಗ ಪ್ರೈಮರಿ ಸ್ಕೂಲಿನಲ್ಲಿದ್ದೆ. ಸಿಎಸ್‌ಎಸ್‌ನ ಫೋಕಸ್-ವಿಸಿಬಲ್ ಬಳಸಿದರೆ ಮೌಸ್‌ನಲ್ಲಿ ಬಟನ್ ಕ್ಲಿಕ್ ಮಾಡುವವರಿಗೆ ಗೆರೆ ಕಾಣುವುದೇ ಇಲ್ಲ, ಟ್ಯಾಬ್ ಒತ್ತಿ ಬಂದವರಿಗೆ ಮಾತ್ರ ಕಾಣುತ್ತದೆ. ಸಫಾರಿ ಬ್ರೌಸರಿಗೆ ಕೂಡ 2022ರ ಮಾರ್ಚ್‌ನಲ್ಲೇ ಬಂದಿದೆ. ಇಷ್ಟನ್ನೂ ಟಿಕೆಟ್‌ನಲ್ಲಿ ಬರೆದಿದ್ದೆ. ಬಂದ ಉತ್ತರ ಏನು ಗೊತ್ತಾ? ಒಂದು ಹೆಬ್ಬೆರಳು. ಆಮೇಲೆ ರೀಓಪನ್.

ಟಿಕೆಟ್ ಹಾಕಿದವರು ನೋಡಿದ್ದು ಹೆಸರು ಬರೆಯುವ ಪೆಟ್ಟಿಗೆಯನ್ನು. ಅಲ್ಲಿ ಮೌಸ್‌ನಲ್ಲಿ ಕ್ಲಿಕ್ ಮಾಡಿದರೂ ಗೆರೆ ಬರುತ್ತದೆ, ಅಲ್ಲಿ ಟೈಪ್ ಮಾಡಬೇಕು ಅಂತ ಬ್ರೌಸರ್ ಬೇಕಂತಲೇ ತೋರಿಸುತ್ತದೆ. ಅದನ್ನೇ ಬಗ್ ಅಂದರು. ಶುಕ್ರವಾರ ಸಂಜೆ ಆರೂ ಮುಕ್ಕಾಲು, ಊರಿನ ಬಸ್ಸಿಗೆ ಹೊತ್ತಾಗಿತ್ತು, ತಲೆ ಕೆಟ್ಟಿತ್ತು. ಒಂದು ಪೆಟ್ಟಿಗೆಗೆ ಮಾತ್ರ ತೆಗೆಯಬಹುದಿತ್ತು. ಇಡೀ ಸೈಟಿಗೇ ತೆಗೆದೆ. ತಗೊಳ್ಳಿ, ಎಲ್ಲೂ ಬೇಡ ಅಂತ. ಯಾರ ಮೇಲೆ ಸಿಟ್ಟು ತೀರಿಸಿಕೊಂಡೆನೋ, ಹೋಗಿ ಬಿದ್ದದ್ದು ಆ ಮೇಡಂ ಮೇಲೆ.

ಅಲ್ಲ, ಆದರೂ ಕೇಳ್ತೀನಿ. ಹೇಳಿದವರ ಹೆಸರು ಗಿಟ್ ಬ್ಲೇಮ್‌ನಲ್ಲಿ ಯಾಕೆ ಬರಲ್ಲ? ಟೈಪ್ ಮಾಡಿದವನದ್ದು ಮಾತ್ರ ಯಾಕೆ? ಯಾರಾದರೂ ಉತ್ತರ ಕೊಡಿ. ಒಂದು ಗೆರೆ ನಿಮಗೇನು ಮಾಡಿತ್ತು? ಆ ಫಾರ್ಮ್ ಏನು ಮದುವೆ ಕರೆಯೋಲೆನಾ, ಫ್ರೇಮ್ ಹಾಕಿ ಇಡೋಕೆ?

ಇವರು ನೋಡುವುದೇ ಹಾಗೆ. ಮ್ಯಾಕ್, ಮೌಸ್, ಇಂಗ್ಲಿಷ್. ಬಟನ್ ಎತ್ತರ 32 ಪಿಕ್ಸೆಲ್, ಅಕ್ಷರದ ಸಾಲಿನೆತ್ತರ 1, ಹೊರಗೆ ಹೋದದ್ದು ಕಟ್. ಇಂಗ್ಲಿಷಿನ ಸಬ್ಮಿಟ್ ಅದರಲ್ಲಿ ಆರಾಮಾಗಿ ಕೂರುತ್ತದೆ. ಕನ್ನಡದಲ್ಲಿ "ಅರ್ಜಿ ಸಲ್ಲಿಸಿ" ಅಂತ ಹಾಕಿದರೆ ಒತ್ತಕ್ಷರ ಕತ್ತರಿಸಿ ಹೋಗಿ "ಸಲಿಸಿ" ಅಂತ ಉಳಿಯುತ್ತದೆ. ನಮ್ಮ ಅಕ್ಷರಕ್ಕೆ ಕೆಳಗೂ ಜಾಗ ಬೇಕು ಅಂತ ಮೂರು ಸಲ ಹೇಳಿದೆ. ಮೂರನೇ ಸಲ "ಫಾಂಟ್ ಚಿಕ್ಕದು ಮಾಡಿ" ಅಂದರು. ಮಾಡಿದೆ. ನಾನು ಎಲ್ಲವನ್ನೂ ಮಾಡುತ್ತೇನೆ, ಅದೇ ಅಲ್ವಾ ಸಮಸ್ಯೆ.

ಇನ್ನು ಲೈಟ್‌ಹೌಸ್ ಕಥೆ ಹೇಳಲೇಬೇಕು, ಸೈಟನ್ನು ಪರೀಕ್ಷಿಸಿ ಅಂಕ ಕೊಡುವ ಗೂಗಲ್ ಟೂಲ್ ಅದು. ಹೋದ ತಿಂಗಳು ಆಕ್ಸೆಸಿಬಿಲಿಟಿ, ಅಂದರೆ ಎಲ್ಲರಿಗೂ ಬಳಸೋಕಾಗುತ್ತಾ ಅನ್ನುವುದಕ್ಕೆ, ಅಂಕ 100 ಬಂತು ಅಂತ ಗ್ರೂಪಿನಲ್ಲಿ ಪಟಾಕಿ ಎಮೋಜಿ ಹಾರಿಸಿದ್ದೇ ಹಾರಿಸಿದ್ದು. ಆ ನೂರರ ಕೆಳಗೇ ಒಂದು ಮಡಚಿದ ಪಟ್ಟಿ ಇರುತ್ತದೆ, ಇವನ್ನು ನೀವೇ ಕೈಯಾರೆ ಪರೀಕ್ಷೆ ಮಾಡಿ ಅಂತ. ಕೀಬೋರ್ಡ್ ವಿಷಯ ಅಲ್ಲೇ ಇದೆ. ಯಾರು ಬಿಡಿಸಿ ನೋಡಿದರು? ಐದು ಸೆಕೆಂಡ್ ಟ್ಯಾಬ್ ಒತ್ತಿದ್ದರೆ ಸಾಕಿತ್ತು. ನಾನೂ ಒತ್ತಲಿಲ್ಲ, ಆ ಮಾತು ಬೇರೆ.

2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೆವೈಸಿ ಪ್ರಕರಣದಲ್ಲಿ ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನದೇ ಭಾಗ ಅಂತ ಹೇಳಿತು. ಅದನ್ನು ಸ್ಲೈಡ್ ಮಾಡಿ ತೋರಿಸಿದ್ದೆ. ಆ ದಿನ ಎಲ್ಲರಿಗೂ ಬೇರೆ ಮೀಟಿಂಗ್ ಇತ್ತು. ಈಗ ನೋಡಿ, ನಾಳೆ ಬೆಳಿಗ್ಗೆ ಹತ್ತಕ್ಕೆ ರೂಟ್ ಕಾಸ್ ಬರೆದು ಕಳಿಸಬೇಕಂತೆ. ನಾನೇ ಬರೆಯಬೇಕಂತೆ. ಏನಂತ ಬರೀಲಿ, ಕಾರಣ: ಬಸ್ಸಿಗೆ ಹೊತ್ತಾಗಿತ್ತು?

ಇನ್ನೊಂದು ವಿಷಯ, ಇಲ್ಲೇ ಇರಲಿ, ಆಫೀಸಿನವರಿಗೆ ಹೇಳಬೇಡಿ. ಗೆರೆ ಇದ್ದಿದ್ದರೂ ಮೇಡಂ ತಡವರಿಸುತ್ತಿದ್ದರು. "ಮುಂದೆ" ಬಟನ್ ಎಡಗಡೆ ಬೇಕು ಅಂದಿದ್ದಕ್ಕೆ ಪುಟದ ಮೂಲ ಕೋಡ್ ಎಚ್‌ಟಿಎಂಎಲ್‌ನಲ್ಲಿ ಜಾಗ ಬದಲಿಸದೆ, ಸಿಎಸ್‌ಎಸ್‌ನ ಫ್ಲೆಕ್ಸ್‌ನಲ್ಲಿ ರೋ-ರಿವರ್ಸ್ ಹಾಕಿ, ನೋಟಕ್ಕೆ ಮಾತ್ರ ಕ್ರಮ ತಿರುಗಿಸಿ ಕೈ ತೊಳೆದುಕೊಂಡಿದ್ದೆ. ಕಣ್ಣಿಗೆ ಕಾಣುವುದು ಒಂದು ಕ್ರಮ, ಟ್ಯಾಬ್ ಹೋಗುವುದು ಇನ್ನೊಂದು ಕ್ರಮ. ಅದಕ್ಕೇ ಅವರು "ರದ್ದು ಮಾಡಿ" ಮೇಲೆ ಹೋಗಿ ನಿಂತದ್ದು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಪೂರ್ತಿ ನನ್ನದೇ ಬುದ್ಧಿ. ಲೀಡ್ ಇನ್ನೂ ಆ ಸಾಲಿನ ಮೇಲೆ ಕರ್ಸರ್ ಇಟ್ಟಿಲ್ಲ. ಇವತ್ತು ರಾತ್ರಿಯೇ ಸುಮ್ನೆ ಸರಿ ಮಾಡಿ ಹಾಕ್ತೀನಿ.

41ನೇ ಸಾಲನ್ನು ಈಗ ಅಳಿಸಿದೆ. ಮೂರು ಸೆಕೆಂಡ್ ಕೆಲಸ. ಗೆರೆ ವಾಪಸ್ ಬಂತು. ರಿವ್ಯೂಗೆ ಹಾಕಿ ಐದು ನಿಮಿಷ ಆಗಿಲ್ಲ, ಡಿಸೈನರ್ ಕಾಮೆಂಟ್ ಬಂದಿದೆ. ಮೀಟಿಂಗ್‌ನಲ್ಲಿ ತುಟಿ ಬಿಚ್ಚದವರಿಗೆ ಇಲ್ಲಿ ಬಾಯಿ ಬಂದಿದೆ. "ಗೆರೆ ಇರಲಿ ಪರವಾಗಿಲ್ಲ, ಆದರೆ ಸ್ವಲ್ಪ ತಿಳಿಬೂದು ಮಾಡೋಕಾಗುತ್ತಾ? ನೀಲಿ ಕಣ್ಣಿಗೆ ಹೊಡೆಯುತ್ತೆ."

ಬಿಳಿ ಮೇಲೆ ತಿಳಿಬೂದು. ಗೆರೆಗೂ 3:1 ಕಾಂಟ್ರಾಸ್ಟ್ ಬೇಕು, ಇದಕ್ಕೆ ಅಷ್ಟು ಬರಲ್ಲ. ಕಣ್ಣಿಗೆ ಹೊಡೆಯಲಿ ಅಂತಲೇ ಹಾಕಿದ್ದು ತಾಯಿ ಅಂತ ನಾಲ್ಕು ಸಾಲು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಮತ್ತೆ ಅಳಿಸಿದೆ.

"ಯಾವ ಬೂದು?" ಅಂತ ಕೇಳಿ ಕಳಿಸಿದ್ದೀನಿ.