ಸೋತಿದ್ದು ಮಣ್ಣು, ನಾವಲ್ಲ

2025ರ ನವೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರಿನ ಕ್ರಿಕೆಟ್ ಟೆಸ್ಟ್‌ನಲ್ಲಿ ಭಾರತ ಗೆಲ್ಲೋದಕ್ಕೆ ಬೇಕಾಗಿದ್ದದ್ದು 124 ರನ್. ಮಾಡಿದ್ದು 93. ಮೂರನೇ ದಿನಕ್ಕೇ ಗಂಟುಮೂಟೆ ಕಟ್ಟಿದ್ದಾಯ್ತು. ಚೆಂಡು ತಿರುಗಿಸೋ ಸ್ಪಿನ್ನರ್‌ಗಳನ್ನು ನಾಲ್ಕು ಜನ ಇಳಿಸಿದ್ದು ನಾವು. ಎರಡೂ ಇನ್ನಿಂಗ್ಸ್ ಸೇರಿ ಎಂಟು ವಿಕೆಟ್ ಬಾಚಿಕೊಂಡು ಹೋದದ್ದು ದಕ್ಷಿಣ ಆಫ್ರಿಕಾದ ಸ್ಪಿನ್ನರ್ ಸೈಮನ್ ಹಾರ್ಮರ್. ಪಂದ್ಯ ಮುಗಿದ ಮೇಲೆ ಕೋಚ್ ಗೌತಮ್ ಗಂಭೀರ್ ಬಂದು, ನಾವು ಕೇಳಿದ್ದು ಇಂಥ ಪಿಚ್ಚನ್ನೇ, ಸಿಕ್ಕಿದ್ದೂ ಅದೇ ಅನ್ನೋ ಅರ್ಥದ ಮಾತಾಡಿದರು. ದೇಶವೆಲ್ಲ ತಲೆ ಚಚ್ಚಿಕೊಂಡಿತು. ಹಾಸನ ಜಿಲ್ಲೆಯ ಆಲೂರು ಕಡೆಯ ಒಂದು ಊರಿನಲ್ಲಿ ಮಾತ್ರ ಹುಡುಗರಿಗೆ ಜ್ಞಾನೋದಯವಾಯಿತು. ಹಾಗಾದರೆ ಪಿಚ್ಚನ್ನು ಕೇಳಿ ಮಾಡಿಸಿಕೊಳ್ಳಬಹುದು!

ಊರಿನ ಹೆಸರು ಬರೆದರೆ ನಾನು ಆ ದಾರಿಯಲ್ಲಿ ಓಡಾಡೋದು ಕಷ್ಟ, ಬೇಡ. ಅಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ಲೆದರ್ ಬಾಲ್ ಪಂದ್ಯ ನಡೆಯುತ್ತೆ. ಶನಿವಾರ, ಭಾನುವಾರ, ಎರಡೆರಡು ಇನ್ನಿಂಗ್ಸ್. ಬ್ಯಾನರ್‌ನಲ್ಲಿ ‘ಟೆಸ್ಟ್ ಮಾದರಿ’ ಅಂತ ಸಣ್ಣದಾಗಿ, ಶುಭ ಕೋರುವವರ ಫೋಟೊ ದೊಡ್ಡದಾಗಿ. ಎದುರಾಳಿ ಮೂಡಿಗೆರೆ ಕಡೆಯ ಎಸ್ಟೇಟ್ ಹುಡುಗರು. ಕಾಫಿ ಮೂಟೆ ಹೊತ್ತು ಭುಜ ಬೆಳೆಸಿಕೊಂಡ ಇಬ್ಬರು ವೇಗಿಗಳು ಅವರಲ್ಲಿದ್ದಾರೆ. ಹಾಗೆ ನೋಡಿದರೆ ವೇಗಿಗಳ ಸೀಮೆ ನಮ್ಮದೇ. ಶ್ರೀನಾಥ್ ಹೆಸರಿನ ಮುಂದಿರುವ ಜಾವಗಲ್ ನಮ್ಮ ಜಿಲ್ಲೆಯದು, ಡೇವಿಡ್ ಜಾನ್ಸನ್ ಹುಟ್ಟಿದ ಅರಸೀಕೆರೆ ನಮ್ಮ ಜಿಲ್ಲೆಯದು. ಆದರೆ ಈ ಊರಿನ ಪಾಲಿಗೆ ಬಂದದ್ದು ಒಬ್ಬ ಆಫ್‌ಸ್ಪಿನ್ನರ್. ಒಳ್ಳೆಯ ಬೌಲರ್, ಸುಳ್ಳು ಹೇಳಬಾರದು. ಅವನಿಗಾಗಿ ಪಿಚ್ ಮಾಡೋಣ ಅಂತ ತೀರ್ಮಾನವಾಯಿತು.

ಪಿಚ್ ಸಮಿತಿ ಹಾಲಿನ ಡೈರಿ ಜಗಲಿಯಲ್ಲಿ ಸೇರಿತು. ಅಧ್ಯಕ್ಷರು ಒಬ್ಬ ರಸ್ತೆ ಕಂಟ್ರಾಕ್ಟರ್. ಮಣ್ಣು, ನೀರು, ರೋಲರ್ ಮೂರನ್ನೂ ಬಲ್ಲ ಊರಿನ ಏಕೈಕ ಗಣ್ಯರು. ತಾಂತ್ರಿಕ ಸಲಹೆಗೆ ರೇಡಿಯೊ ಕಾಲದಿಂದ ಕಾಮೆಂಟರಿ ಕೇಳಿಕೊಂಡು ಬಂದ ನಿವೃತ್ತ ಮೇಷ್ಟ್ರು. ಟಾಸ್ ವಿಭಾಗಕ್ಕೆ ಜೋಯಿಸರು. ಗದ್ದೆ ಯಜಮಾನಿಯನ್ನು ಸೇರಿಸಿಕೊಂಡಿರಲಿಲ್ಲ, ಹೆಂಗಸರಿಗೆ ಪಿಚ್ ಏನು ಗೊತ್ತಾಗುತ್ತೆ ಅಂತ. ಅದೇ ಮಣ್ಣಿನ ಹದ ನೋಡಿ ಭತ್ತ, ಆಲೂಗಡ್ಡೆ, ಶುಂಠಿ ಎಲ್ಲ ತೆಗೆದವರು ಅವರೊಬ್ಬರೇ, ಆ ಮಾತು ಬೇರೆ.

ಮೇಷ್ಟ್ರು ಬುಡದಿಂದ ಶುರು ಮಾಡಿದರು. 22 ಗಜ ಉದ್ದ, 10 ಅಡಿ ಅಗಲದ ಈ ನೆಲ ಟೆಸ್ಟ್‌ನ ಮೊದಲ ದಿನ ಬೆಳಗ್ಗೆ ಒಳಗೆ ತೇವ, ಮೇಲೆ ಒಂದಿಷ್ಟು ಹುಲ್ಲು ಇಟ್ಟುಕೊಂಡಿರುತ್ತೆ. ಹೊಸ ಚೆಂಡಿನ ಹೊಲಿಗೆ ನೆಲ ಕಚ್ಚಿ ಆ ಕಡೆಗೋ ಈ ಕಡೆಗೋ ಹೊರಳುತ್ತೆ. ಮೊದಲ ಒಂದು ಗಂಟೆ ಬೌಲರ್‌ಗೆ ಬಿಟ್ಟುಕೊಡು ಅಂತ ಹಳಬರು ಹೇಳಿದ್ದು ಅದಕ್ಕೇ. ಬಿಸಿಲಿಗೆ ತೇವ ಆರಿದ ಮೇಲೆ ಎರಡನೇ ದಿನ, ಮೂರನೇ ದಿನ ಬ್ಯಾಟ್ಸ್‌ಮನ್‌ಗೆ ಹಬ್ಬ. ಆಮೇಲೆ ಬಿರುಕು ಬಿಡುತ್ತೆ. ವೇಗಿಗಳು ಓಡಿ ಬಂದು ಕಾಲೂರಿದ ಜಾಗ ಕಿತ್ತು ಬರುತ್ತೆ, ಸ್ಪಿನ್ನರ್ ಅಲ್ಲಿಗೇ ಗುರಿ ಇಡುತ್ತಾನೆ. ಕೆಂಪು ಮಣ್ಣಾದರೆ ಚೆಂಡು ಪುಟಿದು ತಿರುಗುತ್ತೆ. ಕಪ್ಪು ಜೇಡಿಯಾದರೆ ನಿಧಾನಕ್ಕೆ, ತಗ್ಗಿ ಬರುತ್ತೆ. ಟಾಸ್ ಗೆದ್ದ ಕ್ಯಾಪ್ಟನ್ ಸಾಮಾನ್ಯವಾಗಿ ಬ್ಯಾಟಿಂಗ್ ಆರಿಸೋದು ಮೊದಲ ದಿನದ ಆಸೆಗಿಂತ ಹೆಚ್ಚಾಗಿ ಐದನೇ ದಿನದ ಭಯಕ್ಕೆ. ನಾಲ್ಕನೇ ಇನ್ನಿಂಗ್ಸ್ ಎದುರಾಳಿಯ ಕೊರಳಿಗೆ ಕಟ್ಟಬೇಕು. ಎಷ್ಟು ಸ್ಪಿನ್ನರ್, ಎಷ್ಟು ವೇಗಿ, ಯಾವಾಗ ಡಿಕ್ಲೇರ್ (ತಾವಾಗಿ ಇನ್ನಿಂಗ್ಸ್ ನಿಲ್ಲಿಸೋದು) ಎಲ್ಲವೂ ಈ ಐದು ದಿನದ ಲೆಕ್ಕದ ಮೇಲೆ.

“ಮೇಷ್ಟ್ರೇ, ಐದು ದಿನ ನಮ್ತಾವ ಎಲ್ಲೈತೆ?” ಅಂದರು ಕಂಟ್ರಾಕ್ಟರ್. “ಇರೋದು ಎರಡು ದಿನ. ಐದನೇ ದಿನಾನ ಮೊದಲ್ನೇ ದಿನ ಬೆಳಿಗ್ಗೆಗೇ ತಂದ್ಬಿಡಾನ.”

“ಅಷ್ಟು ಬೇಗ ಬಿರುಕು ಬಿಡ್ತದಾ?”

“ನಂಗ್ ಬಿಡಿ. ನಾನ್ ಹಾಕಿದ್ದು ಯಾವ್ದು ಎರಡನೇ ಮಳೆ ನೋಡೈತೆ?”

ನಗಬೇಡಿ. ದೊಡ್ಡ ದೊಡ್ಡ ಕ್ರಿಕೆಟ್ ಮಂಡಳಿಗಳ ತಂತ್ರವೂ ಇದಕ್ಕಿಂತ ಒಂದಿಂಚು ಮೇಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಮುಲ್ತಾನಿನ ಮೊದಲ ಟೆಸ್ಟ್‌ನಲ್ಲಿ ಪಾಕಿಸ್ತಾನ 556 ರನ್ ಹೊಡೆದೂ ಇನ್ನಿಂಗ್ಸ್ ಸೋಲು ಕಂಡಿತು. ಇಂಗ್ಲೆಂಡ್ ಅದೇ ನೆಲದ ಮೇಲೆ 7 ವಿಕೆಟ್‌ಗೆ 823 ಪೇರಿಸಿತ್ತು. ಪಾಕಿಸ್ತಾನದವರೇನು ಮಾಡಿದರು? ಎರಡನೇ ಟೆಸ್ಟ್‌ಗೆ ಅದೇ ಸವೆದ ಪಿಚ್ಚಿನ ಎದುರು ದೊಡ್ಡ ದೊಡ್ಡ ಫ್ಯಾನ್ ನಿಲ್ಲಿಸಿ ಒಣಗಿಸಿದರು. ಸಾಜಿದ್ ಖಾನ್, ನೊಮಾನ್ ಅಲಿ ಇಬ್ಬರೇ ಇಪ್ಪತ್ತಕ್ಕೆ ಇಪ್ಪತ್ತೂ ವಿಕೆಟ್ ಕಿತ್ತರು. ಮೇಷ್ಟ್ರು ಈ ಕಥೆ ಹೇಳಬಾರದಿತ್ತು. ಮಾರನೇ ದಿನವೇ ಕಲ್ಯಾಣ ಮಂಟಪದ ಸ್ಟ್ಯಾಂಡ್ ಫ್ಯಾನ್‌ಗಳು ಗದ್ದೆಗಿಳಿದವು. ಪಂಪ್‌ಸೆಟ್ ಮನೆಯಿಂದ ವೈರ್ ಎಳೆದರು. ರಾತ್ರಿ ಕಾವಲಿಗೆ ಮಲಗಿದ ಹುಡುಗರಿಗೆ ಸೊಳ್ಳೆ ಕಾಟ ತಪ್ಪಿತು. ಪಿಚ್ಚಿಗೆ ಆದ ಉಪಕಾರ ನನಗೆ ಕಾಣಲಿಲ್ಲ.

ಒಂದು ಎಚ್ಚರಿಕೆಯನ್ನು ಮೇಷ್ಟ್ರು ಕೊಟ್ಟರು, ಕೊಡಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. “ನಮ್ಮ ಹುಡುಗ ಸಾಧಾರಣ ನೆಲದ ಮೇಲೂ ಚೆಂಡು ತಿರುಗಿಸ್ತಾನೆ, ಅವರ ಕಡೆಯವರಿಗೆ ಆಗಲ್ಲ. ಆ ವ್ಯತ್ಯಾಸವೇ ನಮ್ಮ ಆಸ್ತಿ. ನೆಲವೇ ತಿರುಗಿಸೋಕೆ ನಿಂತರೆ ಅವನೂ ಇವನೂ ಒಂದೇ ಆಗೋದ್ರು. ಪರೀಕ್ಷೆ ದಿನ ಎಲ್ಲರ ಕೈಗೂ ಉತ್ತರದ ಚೀಟಿ ಕೊಟ್ಟರೆ ನಷ್ಟ ಓದಿಕೊಂಡು ಬಂದವನಿಗೆ ಕಣ್ರಯ್ಯಾ.” ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. 2021ರ ಅಹಮದಾಬಾದ್ ಟೆಸ್ಟ್ ಎರಡೇ ದಿನಕ್ಕೆ ಮುಗಿಯಿತು. ನಾವು ಗೆದ್ದೆವು ನಿಜ, ಆದರೆ ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಜೋ ರೂಟ್ ಸುಮ್ಮನೆ ಕೈ ತಿರುವಿ 8 ರನ್‌ಗೆ 5 ವಿಕೆಟ್ ತಗೊಂಡರು. 2023ರಲ್ಲಿ ಇಂದೋರ್‌ನಲ್ಲಿ ತಮ್ಮ ಬದುಕಿನ ಎರಡನೇ ಟೆಸ್ಟ್ ಆಡುತ್ತಿದ್ದ ಆಸ್ಟ್ರೇಲಿಯಾದ ಮ್ಯಾಥ್ಯೂ ಕುನ್ಹೆಮನ್ 16ಕ್ಕೆ 5 ಕಿತ್ತು ನಮ್ಮನ್ನು 109ಕ್ಕೆ ಮಲಗಿಸಿದರು. ಮರುವರ್ಷ ಪುಣೆಯಲ್ಲಿ ನ್ಯೂಜಿಲೆಂಡಿನ ಮಿಚೆಲ್ ಸ್ಯಾಂಟ್ನರ್. ಅದುವರೆಗೆ ಟೆಸ್ಟ್ ಇನ್ನಿಂಗ್ಸ್ ಒಂದರಲ್ಲಿ ಐದು ವಿಕೆಟ್ ಕಂಡೇ ಇರದ ಮನುಷ್ಯ ಒಂದೇ ಪಂದ್ಯದಲ್ಲಿ 13 ತಗೊಂಡು ಮನೆಗೆ ಹೋದರು. ನಮ್ಮ ಪಿಚ್‌ಗಳು ಪರದೇಶಿ ಬೌಲರ್‌ಗಳಿಗೆ ಮಾಡಿದಷ್ಟು ಉಪಕಾರವನ್ನು ಅವರ ತರಬೇತುದಾರರೂ ಮಾಡಿಲ್ಲ. ಸಮಿತಿ ಇದನ್ನೆಲ್ಲ ಕೇಳಿಸಿಕೊಂಡು, ಮೇಷ್ಟ್ರಿಗೆ ವಯಸ್ಸಾಯ್ತು ಅನ್ನೋ ತೀರ್ಮಾನಕ್ಕೆ ಬಂತು.

ಪಿಚ್ ತಯಾರಾದ ರೀತಿ ಹೇಳಲೇಬೇಕು. ಗದ್ದೆಯ ಕಪ್ಪು ಮಣ್ಣು ಅಗೆದು, ಬದುವಿನ ಕೆಂಪು ಮಣ್ಣು ಸುರಿದು, ಯಾವುದೋ ಮನೆ ಕೆಲಸದಲ್ಲಿ ಉಳಿದಿದ್ದ ಮರಳು ಬೆರೆಸಿದರು. ರಾಗಿ ಕಣದ ರೋಣಗಲ್ಲನ್ನು ಎತ್ತಿಗೆ ಕಟ್ಟಿ ಉರುಳಿಸಿದರು. ಪಂದ್ಯ ಶುರುವಾದ ಮೇಲೆ ಬ್ಯಾಟಿಂಗ್ ಕಡೆಯ ಕ್ಯಾಪ್ಟನ್ ಕೇಳಿದರೆ ಏಳು ನಿಮಿಷ ಮೀರದ ಹಾಗೆ ರೋಲರ್ ಹಾಯಿಸಬಹುದು ಅನ್ನೋದು ಕ್ರಿಕೆಟ್ ನಿಯಮ. ಎತ್ತುಗಳಿಗೆ ಈ ನಿಯಮ ಗೊತ್ತಿರಲಿಲ್ಲ. ಅವು ಮೂರು ನಿಮಿಷಕ್ಕೇ ಮೇವಿನ ಕಡೆ ಹೊರಟವು. ಶುಕ್ರವಾರ ರಾತ್ರಿ ಒಂಟಿ ಸಲಗವೊಂದು ಗದ್ದೆ ದಾಟಿ ಹೋಗಿ, ಒಂದು ಹೆಜ್ಜೆಯನ್ನು ಸರಿಯಾಗಿ ಬೌಲರ್‌ಗಳು ಚೆಂಡು ಬೀಳಿಸಲು ಬಯಸೋ ಗುಡ್ ಲೆಂಗ್ತ್ ಜಾಗದಲ್ಲಿ, ಆಫ್‌ಸ್ಟಂಪಿನ ಆಚೆ ಇಟ್ಟಿತ್ತು. ಬೆಳಗ್ಗೆ ಎಲ್ಲರೂ ಸುತ್ತ ನಿಂತು ನೋಡಿದರು. ತಳ ನುಣ್ಣಗೆ, ಅಂಚು ಮಾತ್ರ ಪುಡಿಪುಡಿ. ಪಿಚ್ ತಯಾರಿಸೋ ಯಾವ ಕ್ಯುರೇಟರ್ ಕೈಯಲ್ಲೂ ಆಗದ ಕೆಲಸ. ಮುಚ್ಚಬಾರದು ಅಂತ ಸಮಿತಿ ಒಮ್ಮತದಿಂದ ಒಪ್ಪಿತು. ಅರಣ್ಯ ಇಲಾಖೆಗೆ ತಿಳಿಸಬೇಕು ಅಂದವನನ್ನು ಸುಮ್ಮನಾಗಿಸಿದರು.

ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಟಾಸ್ ಆಮೇಲೇ ಆಗಬೇಕು ಅಂದರು ಜೋಯಿಸರು. ಆಯಿತು, ನಾವು ಸೋತೆವು. ಟಾಸ್ ಒಂದನ್ನು ಇನ್ನೂ ಕೇಳಿ ಮಾಡಿಸಿಕೊಳ್ಳೋಕೆ ಆಗಿಲ್ಲ. ಗೆದ್ದರೂ ಏನು ಮಹಾ? 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ದಿನ ಮಳೆಗೆ ಹೋಗಿ, ಎರಡನೇ ದಿನ ಮೋಡ ಕವಿದು ನೆಲ ಹಸಿ ಇದ್ದಾಗ ಭಾರತ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿತು. ತಂಡದಲ್ಲಿ ಮೂವರು ಸ್ಪಿನ್ನರ್. ಲಂಚ್ ಹೊತ್ತಿಗೆ 6 ವಿಕೆಟ್‌ಗೆ 34, ಕೊನೆಗೆ 46. ತವರಿನಲ್ಲಿ ಭಾರತದ ಅತಿ ಕಡಿಮೆ ಮೊತ್ತ. ಪಿಚ್ಚನ್ನು ಸರಿಯಾಗಿ ಓದಲಿಲ್ಲ ಅಂತ ಕ್ಯಾಪ್ಟನ್ ರೋಹಿತ್ ಒಪ್ಪಿಕೊಂಡರು, ಅದು ಅವರ ದೊಡ್ಡತನ. ಇದೇ ಭಾರತ 2002ರಲ್ಲಿ ಲೀಡ್ಸ್‌ನಲ್ಲಿ, ವೇಗಿಗಳ ಬಾಯಲ್ಲಿ ನೀರೂರಿಸೋ ಅಂಥ ಬೆಳಗ್ಗೆ, ಇಬ್ಬರು ಸ್ಪಿನ್ನರ್ ಇಟ್ಟುಕೊಂಡೇ ಬ್ಯಾಟಿಂಗ್ ಆರಿಸಿತ್ತು. ಅವತ್ತು ನಮ್ಮ ದ್ರಾವಿಡ್ ಕಲ್ಲಿನ ಹಾಗೆ ನಿಂತು 148 ಹೊಡೆದರು, ಇನ್ನಿಂಗ್ಸ್ ಮತ್ತು 46 ರನ್ ಗೆಲುವು. ಅಲ್ಲೂ 46, ಇಲ್ಲೂ 46. ಜೋಯಿಸರು ಇದರಲ್ಲಿ ಏನೋ ಇದೆ ಅಂದರು. ಇದ್ದದ್ದು ದ್ರಾವಿಡ್, ಅಷ್ಟೇ.

ನಮ್ಮ ಪಂದ್ಯದ ಮೊದಲ ಮೂರು ಇನ್ನಿಂಗ್ಸ್ ವಿವರಿಸೋ ಅಗತ್ಯವಿಲ್ಲ, ಯಾವುದೂ ಊಟದ ಬುತ್ತಿ ಬಿಚ್ಚೋವಷ್ಟು ಹೊತ್ತು ನಿಲ್ಲಲಿಲ್ಲ. ಕೊನೆಗೆ ನಮಗೆ ಬೇಕಾಗಿದ್ದು 61. ಮೂಡಿಗೆರೆಯವರು ವೇಗಿಗಳನ್ನು ಬೌಂಡರಿಗೆ ಕಳಿಸಿ, ತಮ್ಮ ಎಸ್ಟೇಟ್ ರೈಟರ್ ಕೈಗೆ ಚೆಂಡು ಕೊಟ್ಟರು. ಐವತ್ತು ದಾಟಿದ ಮನುಷ್ಯ. ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯೋ ಕೈಯಲ್ಲಿ ಆನೆ ಹೆಜ್ಜೆಗೆ ಗುರಿಯಿಟ್ಟು ಎಸೆಯುತ್ತಾ ಹೋದರು. ಒಂದು ಚೆಂಡು ಮೊಳದಷ್ಟು ತಿರುಗಿ ಕೀಪರ್‌ಗೂ ಸಿಗದೆ ಹೋಗೋದು, ಮುಂದಿನದು ಅಂಚಿಗೆ ಬೀಳದೆ ನೆಟ್ಟಗೆ ಬರೋದು. ನಮ್ಮ ಹುಡುಗರು ತಿರುಗೀತು ಅಂತ ಬ್ಯಾಟ್ ಹೊರಗೆ ಚಾಚಿ, ನೆಟ್ಟಗೆ ಬಂದದ್ದಕ್ಕೆ ಬೌಲ್ಡ್, ಎಲ್‌ಬಿಡಬ್ಲ್ಯೂ. ಅಹಮದಾಬಾದ್‌ನಲ್ಲೂ ಹೆಚ್ಚು ವಿಕೆಟ್ ಬಿದ್ದದ್ದು ತಿರುಗದ ಚೆಂಡಿಗೇ.

ನಾಲ್ಕು ವಿಕೆಟ್ ಬಿದ್ದಾಗ ಕ್ಯಾಪ್ಟನ್ ಮೇಷ್ಟ್ರ ಹತ್ತಿರ ಓಡಿ ಬಂದ. ಮೇಷ್ಟ್ರು 1937ರ ಮೆಲ್ಬರ್ನ್ ಟೆಸ್ಟ್ ನೆನಪಿಸಿಕೊಂಡರು. ಮಳೆ ನೆನೆದ ಅಂಟು ಪಿಚ್ ಮೇಲೆ ಆಸ್ಟ್ರೇಲಿಯಾದ ಕ್ಯಾಪ್ಟನ್ ಬ್ರಾಡ್ಮನ್ ಬ್ಯಾಟಿಂಗ್ ಸರದಿಯನ್ನೇ ತಲೆಕೆಳಗು ಮಾಡಿ, ಕಡೆಯ ಬೌಲರ್‌ಗಳನ್ನು ಮೊದಲು ಕಳಿಸಿ, ನೆಲ ಒಣಗಿದ ಮೇಲೆ ತಾವು ಏಳನೆಯವರಾಗಿ ಇಳಿದು 270 ಹೊಡೆದರಂತೆ. “ಹಂಗೇ ಮಾಡಾನ” ಅಂದ ಕ್ಯಾಪ್ಟನ್. ಸರದಿ ತಲೆಕೆಳಗಾಯಿತು. ನಮ್ಮ ತಂಡದಲ್ಲಿ ತಲೆಗೂ ಬಾಲಕ್ಕೂ ಅಂಥ ಫರಕ್ಕಿರಲಿಲ್ಲವಾದ್ದರಿಂದ ಪರಿಣಾಮವೂ ಆಗಲಿಲ್ಲ. ಬ್ರಾಡ್ಮನ್ ಪಿಚ್ ಒಣಗಲಿ ಅಂತ ಕಾದರು. ನಾವು ಫ್ಯಾನ್ ಹಾಕಿ ಮೊದಲೇ ಒಣಗಿಸಿ ಕೂತಿದ್ದೆವು. ಭಾನುವಾರ ಮಧ್ಯಾಹ್ನದ ಊಟಕ್ಕೆ ಮೊದಲೇ 38ಕ್ಕೆ ಎಲ್ಲಾ ಮುಗಿಯಿತು. ರೈಟರ್‌ಗೆ ಏಳು ವಿಕೆಟ್. ನಮ್ಮ ಆಫ್‌ಸ್ಪಿನ್ನರ್ ಬದುವಿನ ಮೇಲೆ ಕೂತು ಯಾರ ಜೊತೆಗೂ ಮಾತಾಡಲಿಲ್ಲ.

ಕಂಟ್ರಾಕ್ಟರ್ ಮಾತಾಡಿದರು. “ಪಿಚ್ಚು ನಾವ್ ಕೇಳ್ದಂಗೇ ಇತ್ತು. ಮಣ್ಣು ಕೈ ಕೊಡ್ತು.” ಮಣ್ಣು ಯಾರದು ಅಂತ ಯಾರೂ ಕೇಳಲಿಲ್ಲ. ಹಾಗಾದರೆ ಮುಂದಿನ ಸಲ ಒಳ್ಳೆಯ ಪಿಚ್ ಮಾಡೋಣವಾ ಅಂದಾಗ ಸಭೆ ಬೆಚ್ಚಿತು. ಕೋಲ್ಕತ್ತ ಆದ ಮೇಲೆ ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾ ಮೊದಲ ಇನ್ನಿಂಗ್ಸ್‌ನಲ್ಲೇ 489 ಹೊಡೆದ ಪಿಚ್ ಸಿಕ್ಕಿತ್ತು, ಭಾರತ ಸೋತದ್ದು 408 ರನ್‌ಗಳಿಂದ. ಒಳ್ಳೆಯ ಪಿಚ್ಚಿನ ಅಪಾಯ ಇದೇ ನೋಡಿ, ಸೋತರೆ ಬೈಯೋದಕ್ಕೆ ನೆಲ ಸಿಗಲ್ಲ.

ಕೊನೆಗೆ ರೇಟಿಂಗ್ ಪ್ರಶ್ನೆ ಬಂತು. ಐಸಿಸಿ, ಅಂದರೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ, ಅಂತರರಾಷ್ಟ್ರೀಯ ಪಂದ್ಯದ ಪ್ರತಿ ಪಿಚ್ಚಿಗೂ ದರ್ಜೆ ಕೊಡುತ್ತೆ. ಇಂದೋರ್ ಪಿಚ್ಚಿಗೆ ಮೊದಲು ‘ಕಳಪೆ’ ಅಂದರು, ನಮ್ಮವರು ಮೇಲ್ಮನವಿ ಹಾಕಿದ ಮೇಲೆ ‘ಸಾಧಾರಣಕ್ಕಿಂತ ಕಡಿಮೆ’ ಆಯಿತು. 2024ರಲ್ಲಿ ಕೇಪ್‌ಟೌನ್ ಟೆಸ್ಟ್ 642 ಎಸೆತಕ್ಕೆ ಮುಗಿದು ‘ಅತೃಪ್ತಿಕರ’ ಅನ್ನಿಸಿಕೊಂಡಿತು. 2025ರ ಆ್ಯಶಸ್‌ನ, ಅಂದರೆ ಇಂಗ್ಲೆಂಡ್-ಆಸ್ಟ್ರೇಲಿಯಾ ಸರಣಿಯ, ಪರ್ತ್ ಟೆಸ್ಟೂ ಎರಡೇ ದಿನಕ್ಕೆ ಮುಗಿಯಿತು, ಅದಕ್ಕೆ ‘ಬಹಳ ಚೆನ್ನಾಗಿದೆ’. ಚೆಂಡು ತಿರುಗಿ ಔಟಾದರೆ ನೆಲದ ದೋಷ, ಪುಟಿದು ಔಟಾದರೆ ಬೌಲರ್‌ನ ಪ್ರತಿಭೆ. ನಮ್ಮ ಸಮಿತಿ ಪರ್ತ್ ಮಾದರಿ ಹಿಡಿದು ತನ್ನ ಪಿಚ್ಚಿಗೆ ತಾನೇ ‘ಬಹಳ ಚೆನ್ನಾಗಿದೆ’ ಕೊಟ್ಟುಕೊಂಡಿತು. ಕೆಟ್ಟ ಪಿಚ್ಚಿಗೆ ಬೀಳೋ ಡಿಮೆರಿಟ್ ಅಂಕ ಐದು ವರ್ಷದಲ್ಲಿ ಆರಾದರೆ ಆ ಮೈದಾನಕ್ಕೆ ಒಂದು ವರ್ಷ ಅಂತರರಾಷ್ಟ್ರೀಯ ಪಂದ್ಯವೇ ಇಲ್ಲ ಅಂತ ಮೇಷ್ಟ್ರು ಓದಿ ಹೇಳಿದಾಗ ಕಂಟ್ರಾಕ್ಟರ್ ಮುಖ ಸಪ್ಪಗಾಯಿತು.

“ಇದು ಬರೀ ಕ್ರಿಕೆಟ್‌ಗಾ, ಇಲ್ಲ ರಸ್ತೆಗೂ ಐತಾ?”

“ಕ್ರಿಕೆಟ್‌ಗೆ ಮಾತ್ರ.”

“ಸದ್ಯ.”

ಅಷ್ಟರಲ್ಲಿ ಗದ್ದೆ ಯಜಮಾನಿ ಬಂದರು. ಪಿಚ್ ಮಧ್ಯೆ ನಿಂತು ಒಂದು ಹಿಡಿ ಮಣ್ಣೆತ್ತಿ, ಬೆರಳಲ್ಲಿ ಉಜ್ಜಿ ನೋಡಿದರು.

“ಯಾವನ್ಲಾ ನನ್ ಗದ್ದೆಗೆ ಮರಳು ಸುರ್ದೋನು?”

“ಅಕ್ಕಾ, ಅದು ಸ್ಟ್ರಾಟಜಿ” ಅಂದರು ಕಂಟ್ರಾಕ್ಟರ್.

“ನಿನ್ ಸ್ಟ್ರಾಟಜೀನ ಸಾಯಂಕಾಲದೊಳ್ಗೆ ಬಳ್ಕಂಡು ಹೋಗ್ಬೇಕು. ನಾಳೀಕೆ ಟಿಲ್ಲರ್ ಬತ್ತೈತೆ.”

ಮಣ್ಣು ಟ್ರ್ಯಾಕ್ಟರ್ ಏರಿತು. ಕಂಟ್ರಾಕ್ಟರ್ ಅದನ್ನು ವ್ಯರ್ಥ ಮಾಡುವವರಲ್ಲ. ಬಸ್‌ಸ್ಟಾಪ್ ಎದುರಿನ ರಸ್ತೆ ಗುಂಡಿಗೆ ತುಂಬಿಸಿ ಬಿಲ್ ಬರೆದಿದ್ದಾರೆ. ಮೊದಲ ದಿನ ಸಮತಟ್ಟಾಗಿಯೇ ಇತ್ತು. ಎರಡನೇ ದಿನದಿಂದ ಬೈಕುಗಳು ತಿರುಗಲು ಶುರು ಮಾಡಿವೆ.