ಕೂದಲು ಹೋದರೆ ಬೇಜಾರಾಗುತ್ತೆ, ಹೇಳಿಕೊಳ್ಳೋಕೆ ಬಿಡಿ

ನನ್ನ ಚಿಕ್ಕಪ್ಪನ ಮಗನಿಗೆ ಈಗ 27 ವರ್ಷ. ಮೊನ್ನೆ ನೆಂಟರ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ ದೊಡ್ಡವರೊಬ್ಬರು ಎಲ್ಲರೆದುರು, "ಏನೋ, ತಿರುಪತಿಗೆ ಹೋಗಿದ್ಯಾ?" ಅಂದರು. ಪಂಕ್ತಿಯೆಲ್ಲ ನಕ್ಕಿತು. ಅವನೂ ನಕ್ಕ. ರಾತ್ರಿ ಫೋನ್ ಮಾಡಿ, "ಅಣ್ಣಾ, ಇನ್ಮೇಲೆ ಯಾವ ಫಂಕ್ಷನ್‌ಗೂ ಬರಲ್ಲ" ಅಂದ.

ಮುಡಿ ಕೊಟ್ಟು ಬಂದವರ ಹತ್ತಿರ ಪ್ರಸಾದ ಕೇಳುತ್ತೇವೆ. ತಾನಾಗಿ ಉದುರಿದವರನ್ನು ನೋಡಿ ನಗುತ್ತೇವೆ. ಇದು ಯಾವ ನ್ಯಾಯ?

ನನಗೂ ಇಪ್ಪತ್ತೈದರ ಆಸುಪಾಸಿನಲ್ಲೇ ನೆತ್ತಿ ಕಾಣತೊಡಗಿತ್ತು. "ಬೇಜಾರಾಗ್ತಿದೆಯಾ?" ಅಂತ ಒಬ್ಬರು ಕೇಳಿದ್ದರೆ ಸಾಕಿತ್ತು. "ಬೋಳು ತಲೆಗೆ ದುಡ್ಡು ಬರುತ್ತೆ ಬಿಡು", "ಗಂಡಸಿಗೆ ರೂಪ ಯಾಕೆ" ಅಂತಲೇ ಎಲ್ಲರೂ ಅಂದರು. ಸಮಾಧಾನಕ್ಕೇ ಹೇಳಿದ್ದು, ಗೊತ್ತು. ಆದರೆ ಅಂಥ ಮಾತು ಕೇಳಿದವನು ಮತ್ತೆ ಬಾಯಿ ಬಿಡುವುದಿಲ್ಲ. ಮದುವೆ ಮಾತು ಬಂದಾಗ ಅದೇ ಮನೆಯವರೇ "ಹಳೇ ಫೋಟೋ ಹಾಕೋ" ಅನ್ನುತ್ತಾರೆ. ಆಗ ಹುಡುಗನಿಗೆ ಎಲ್ಲ ಅರ್ಥವಾಗುತ್ತೆ.

ಬಾಯಿ ಬಿಡದವನು ಗುಟ್ಟಾಗಿ ದುಡ್ಡು ಸುರಿಯುತ್ತಾನೆ. ರಾತ್ರಿ ಮೊಬೈಲ್ ನೋಡುತ್ತಾ ಎಣ್ಣೆ, ಈರುಳ್ಳಿ ರಸದ ಶ್ಯಾಂಪೂ, ಯಾವುದೋ ಮಾತ್ರೆ ತರಿಸುತ್ತಾನೆ. ನನಗೆ ಸಿಟ್ಟು ಬರೋದೇ ಇಲ್ಲಿ. ಗಂಡಸರ ಬೋಳುತನಕ್ಕೆ ಹೆಚ್ಚಾಗಿ ಕಾರಣ ವಂಶವಾಹಿ ಮತ್ತು ಹಾರ್ಮೋನು. ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನಿನಿಂದ ದೇಹದಲ್ಲಿ ಡಿಎಚ್‌ಟಿ ಅನ್ನೋ ಇನ್ನೊಂದು ಹಾರ್ಮೋನು ತಯಾರಾಗುತ್ತೆ. ಹಣೆಯ ಮೇಲಿನ ಮತ್ತು ನೆತ್ತಿಯ ಕೂದಲ ಬುಡಗಳಿಗೆ ಅದು ಆಗಿಬರುವುದಿಲ್ಲ. ಅವು ಕುಗ್ಗುತ್ತಾ ಹೋಗುತ್ತವೆ, ಕೂದಲು ತೆಳ್ಳಗಾಗುತ್ತೆ. ತಲೆಯ ಹಿಂಭಾಗದ ಕೂದಲಿಗೆ ಈ ಕಾಟ ಕಡಿಮೆ. ಕೂದಲು ಕಸಿ ಮಾಡುವಾಗ ಅಲ್ಲಿಂದಲೇ ತೆಗೆಯೋದು ಅದಕ್ಕೇ. ಬೆಂಗಳೂರಿನ ಬೋರ್‌ವೆಲ್ ನೀರನ್ನೋ ಹೆಲ್ಮೆಟ್ಟನ್ನೋ ಬೈದು ಪ್ರಯೋಜನವಿಲ್ಲ. ಸೋದರಮಾವನ ತಲೆ ತೋರಿಸಿ ಹುಡುಗನ ತಾಯಿಯನ್ನು ಆಡಿಕೊಳ್ಳೋದೂ ತಪ್ಪು. ಇದು ಎರಡೂ ಕಡೆಯಿಂದ ಬರುತ್ತೆ.

ಔಷಧಿ ಇಲ್ಲವೇ ಇಲ್ಲ ಅಂತಲ್ಲ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು. ತಲೆಗೆ ಹಚ್ಚುವ ಔಷಧಿಯಾಗಿ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಶುರುವಿನಲ್ಲಿ ಕೂದಲು ಇನ್ನೂ ಜಾಸ್ತಿ ಉದುರಬಹುದು. ಫಲ ಕಾಣೋಕೆ ನಾಲ್ಕಾರು ತಿಂಗಳು ಬೇಕು. ಬಿಟ್ಟರೆ ಬಂದ ಕೂದಲೂ ಹೋಗುತ್ತೆ. ಕೂದಲು ಉದುರೋದಕ್ಕೆ ಕೊಡುವ ಇನ್ನೊಂದು ಔಷಧಿ ಫಿನಾಸ್ಟರೈಡ್ ಮಾತ್ರೆ. ಅದರಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತೆ, ಮನಸ್ಸು ಮಂಕಾಗಿದ್ದೂ ಇದೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಗೊಳ್ಳೋ ಮಾತ್ರೆ ಅದಲ್ಲ. ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ನಾಣ್ಯದ ಹಾಗೆ ಗುಂಡಗೆ ಉದುರುತ್ತಿದ್ದರೆ ಅದರ ಕಾರಣವೇ ಬೇರೆ, ಚಿಕಿತ್ಸೆಯೂ ಬೇರೆ.

ಡಾ. ರಾಜ್‌ಕುಮಾರ್ ತೆರೆಯ ಮೇಲೆ ವಿಗ್ ಹಾಕುತ್ತಿದ್ದರು. ಕೊನೆಯ ವರ್ಷಗಳಲ್ಲಿ ಸಭೆಗೆ ಬಿಳಿ ಪಂಚೆ, ಬಿಳಿ ಅಂಗಿ, ಬೋಳು ತಲೆಯಲ್ಲೇ ಬರುತ್ತಿದ್ದರು. ಜನರ ಪ್ರೀತಿ ಒಂದು ಚೂರೂ ಕಡಿಮೆಯಾಗಲಿಲ್ಲ. ಇದನ್ನು ನೆನೆದರೆ ನನಗೆ ಧೈರ್ಯ ಬರುತ್ತೆ. ಆದರೆ ಇನ್ನೂ ಕೆಲಸ, ಮದುವೆ ಯಾವುದೂ ನೆಲೆಯಾಗದ ಹುಡುಗನಿಗೆ "ಅಣ್ಣಾವ್ರನ್ನು ನೋಡಿ ಕಲಿ" ಅಂದರೆ ಸಾಲದು. ಅವನ ದುಃಖ ಈಗಿನದು.

ಯಾರಾದರೂ ತಲೆ ಪೂರ್ತಿ ಬೋಳಿಸಲಿ, ವಿಗ್ ಹಾಕಲಿ, ಕಸಿ ಮಾಡಿಸಲಿ, ಅದು ಅವರಿಷ್ಟ. ಮದುವೆ ಮಾತುಕತೆಯಲ್ಲಿ ಮಾತ್ರ ಇದ್ದದ್ದನ್ನು ಮೊದಲೇ ಹೇಳಿಬಿಡಿ. ಒಪ್ಪುವವರು ನೋಡಿಯೇ ಒಪ್ಪಲಿ.

ನಿಮ್ಮ ಮನೆಯಲ್ಲೂ ಟೋಪಿ ತೆಗೆಯದ, ಫೋಟೋಗೆ ನಿಲ್ಲದ ಹುಡುಗ ಇರಬಹುದು. ನೀವಾಗಿ ಕೂದಲಿನ ಸುದ್ದಿ ಎತ್ತಬೇಡಿ. ಅವನೇ ಎತ್ತಿದರೆ ಪೂರ್ತಿ ಕೇಳಿ, ನಡುವೆ ಎಣ್ಣೆಯ ಹೆಸರು ಹೇಳಬೇಡಿ. ಊಟ, ನಿದ್ದೆ ಬಿಟ್ಟು ಕೋಣೆ ಸೇರಿದ್ದರೆ ತಡ ಮಾಡದೆ ಜೊತೆಗೆ ಕೂತು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.